ಸ್ಕ್ರೀನ್ ಮ್ಯಾಲೆ ಚಂದ, ಕೈಗೆ ಬಂದಾಗ ಮಬ್ಬು: ಸ್ಕ್ರ್ಯಾಪ್‌ಬುಕ್ ಕಿಟ್ ತೊಗೊಂಡು ಸಣ್ಣ ಆಲ್ಬಂ ಮಾಡುವಾಗ ಎಲ್ಲಿ ಏನ್ ಕೆಡ್ತೈತಿ

ನಮ್ಮ ತಂಗಿ ಮಗಳನ್ನ ತೊಟ್ಟಲಕ್ಕ ಹಾಕಿದ ದಿನದ ಫೋಟೋ ಎಲ್ಲಾ ಕೂಡಿಸಿ ಅಂಗೈಯಷ್ಟು ಒಂದು ಆಲ್ಬಂ ಮಾಡೋಣಂತ ಕುಂತೆ. ಸ್ಕ್ರೀನ್ ಮ್ಯಾಲೆ ಏನ್ ಚಂದ ಕಾಣ್ತಿತ್ತು ಅಂತೀರಿ. ಪ್ರಿಂಟ್ ಹಾಕಿಸ್ಕೊಂಡು ಮನಿಗೆ ಬಂದು ಬಿಚ್ಚಿದ್ರ ಅಜ್ಜಿ ಮುಖ ಮಬ್ಬು, ಕೂಸಿನ ನೆತ್ತಿ ಅರ್ಧ ಕಟ್, ಮ್ಯಾಲೆ ಬರೆದ ಹೆಸರಿನ ಒತ್ತಕ್ಷರ ಎಲ್ಲಾ ಬಿಡಿಬಿಡಿ ಆಗಿ ಓದಾಕ ಬರವಲ್ದು. ಅಂಗಡಿಯವನ ಜೋಡಿ ಜಗಳ ತಗದೆ. ಆಮ್ಯಾಲೆ ರಾತ್ರಿ ಕುಂತು ಒಂದೊಂದ ಫೈಲ್ ತೆಗೆದು ನೋಡಿದಾಗ ಗೊತ್ತಾತು, ಮೂರಕ್ಕ ಮೂರೂ ತಪ್ಪು ನಂದ. ಮರುದಿನ ಹೋಗಿ ಅವನಿಗೆ ಒಂದು ಚಹಾ ಕುಡಿಸಿ ಬಂದೆ.

ಅವತ್ತಿನಿಂದ ಇವತ್ತಿನವರೆಗೂ ಕೊಪ್ಪಳ, ಗಂಗಾವತಿ ಕಡೆ ನಮ್ಮ ಮಂದಿಗೆ ಒಂದಿಷ್ಟು ಆಲ್ಬಂ ಮಾಡಿಕೊಟ್ಟೀನಿ, ತಿಳಿದದ್ದು ಏನಂದ್ರ ಈ ಕೆಲಸದಾಗ ದೋಷ ಕಾಣೂದು ಒಂದು ಕಡೆ, ಹುಟ್ಟಿದ್ದು ನಾಲ್ಕು ಹೆಜ್ಜಿ ಹಿಂದ. ಪ್ರಿಂಟ್ ಮಬ್ಬು ಬಂತು ಅಂದ್ರ ಪ್ರಿಂಟರ್ ಬೈಯೂದಲ್ಲ, ಫೋಟೋ ನಿಮ್ಮ ಕೈಗೆ ಹೆಂಗ ಬಂತು ಅದನ್ನ ನೋಡಬೇಕು. ಅದಕ್ಕ ಕೆಳಗ ನಿಮ್ಮ ಕಣ್ಣಿಗೆ ಏನ್ ಕಾಣ್ತೈತಿ ಅನ್ನೋದರ ಮ್ಯಾಲೆ ಬರದೀನಿ, ಪ್ರತಿಯೊಂದರಾಗೂ ರೊಕ್ಕ ಖರ್ಚಿಲ್ಲದ್ದು ಮೊದಲು, ತಲಿಕೆಡಿಸೂದು ಆಮ್ಯಾಲೆ.

ಹೊಸಬರಿಗೆ ಎರಡು ಮಾತು. ಕಿಟ್ ಅಂದ್ರ ಸ್ಕ್ರ್ಯಾಪ್‌ಬುಕ್ (ಫೋಟೋ, ಹೂವು, ಬರಹ ಜೋಡಿಸಿ ಅಲಂಕಾರ ಮಾಡಿದ ಆಲ್ಬಂ) ಪುಟ ಮಾಡಾಕ ನೆಟ್‌ನಿಂದ ಇಳಿಸ್ಕೊಳ್ಳೂ ಒಂದು ಫೋಲ್ಡರ್, ಅದರಾಗ ಹಿಂದಿನ ಬಣ್ಣದ ಪೇಪರ್ ಇರ್ತಾವ (ಸಾಮಾನ್ಯವಾಗಿ 12 ಇಂಚು ಚೌಕ, 300 ಡಿಪಿಐ ಅಂದ್ರ ಇಂಚಿಗೆ 300 ಚುಕ್ಕಿ, ಒಟ್ಟು 3600 ಗುಣಿಸು 3600 ಪಿಕ್ಸೆಲ್, ಜೆಪಿಜಿ), ಹೂವು ರಿಬ್ಬನ್ ಗುಂಡಿ ಚೌಕಟ್ಟು ಅಂತ ಎಲಿಮೆಂಟ್ ಇರ್ತಾವ (ಇವು ಪಿಎನ್‌ಜಿ, ಹಿಂದ ಏನೂ ಇಲ್ದಂಗ ಪಾರದರ್ಶಕ), ಒಮ್ಮೊಮ್ಮೆ ಆಲ್ಫಾ ಅಂತ ಇಂಗ್ಲಿಷ್ ಅಕ್ಷರದ ಚಿತ್ರ. ಟೆಂಪ್ಲೇಟ್ ಅಂದ್ರ ಪಿಎಸ್‌ಡಿ ಇಲ್ಲಾ ಟಿಫ್ ಫೈಲ್, ಬೂದು ಬಣ್ಣದ ಆಕಾರಗಳು ಲೇಯರ್ ಲೇಯರ್ ಆಗಿ (ಒಂದರ ಮ್ಯಾಲೊಂದು ಪದರದಂಗ) ಜೋಡಿಸಿಟ್ಟಿರ್ತಾರ, ಆ ಆಕಾರದೊಳಗ ನಮ್ಮ ಫೋಟೋ ಕೂಡಿಸೂದು, ಅಷ್ಟ.

ಏನ್ ಮಾಡೂದಕ್ಕೂ ಮೊದಲು ಒಂದು ರೂಢಿ ಮಾಡ್ಕೊರಿ. ಟೆಂಪ್ಲೇಟ್ ತೆಗೆದ ಕೂಡ್ಲೆ ಸೇವ್ ಆ್ಯಸ್ ಕೊಟ್ಟು ಬ್ಯಾರೆ ಹೆಸರು ಇಡ್ರಿ. ಮತ್ತ ದೋಷ ಹುಡುಕುವಾಗ ಒಂದ ಸಲಕ್ಕ ಒಂದ ಬದಲಾವಣಿ ಮಾಡ್ರಿ, ನಾಲ್ಕು ಕೂಡೇ ಬದಲಿಸಿದ್ರ ಯಾವುದರಿಂದ ಸರಿಹೋತು ಅನ್ನೋದ ತಿಳಿಯೂದಿಲ್ಲ.

ಕಿಟ್ ಬಿಚ್ಚಾಕ ಬರವಲ್ದು

ಜಿಪ್ ಫೈಲ್ ಒತ್ತಿದ್ರ ಎರರ್ ಬರ್ತೈತಿ, ಇಲ್ಲಾ ಅರ್ಧ ಹೂವು ಬಂದು ಅರ್ಧ ಬರೂದಿಲ್ಲ. ಮೊದಲು ಫೈಲ್ ಸೈಜ್ ನೋಡ್ರಿ. ಕೊಟ್ಟವರು 350 ಎಂಬಿ ಅಂತ ಬರೆದಿದ್ದು ನಿಮ್ಮಲ್ಲಿ 210 ಇದ್ರ ಡೌನ್‌ಲೋಡ್ ಪೂರ್ತಿ ಆಗಿಲ್ಲ, ನೆಟ್ ನಡುವ ಹೋಗೈತಿ, ಮತ್ತೊಮ್ಮೆ ಇಳಿಸ್ಕೊರಿ. ನಮ್ಮ ಕಡೆ ಬ್ಯಾಸಗಿಯಾಗ ಕರೆಂಟು ಯಾವಾಗ ಹೋಗ್ತೈತಿ ಗೊತ್ತಿಲ್ಲ, ವೈಫೈ ಬಿಟ್ಟು ಮೊಬೈಲ್ ಡೇಟಾದ ಮ್ಯಾಲೆ ಇಳಿಸೂದ ಎಷ್ಟೋ ಪಾಡು.

ಸೈಜ್ ಸರಿ ಐತಿ ಆದ್ರ ಚಿತ್ರ ಕಾಣವಲ್ದು ಅಂದ್ರ ನೀವು ಜಿಪ್ ಒಳಗ ಇಣುಕಿ ನೋಡಾಕತ್ತೀರಿ, ಬಿಚ್ಚಿಲ್ಲ. ರೈಟ್ ಕ್ಲಿಕ್ ಮಾಡಿ ಎಕ್ಸ್‌ಟ್ರ್ಯಾಕ್ಟ್ ಆಲ್ ಕೊಡ್ರಿ. ಫೋಲ್ಡರ್ ಒಳಗ ಫೋಲ್ಡರ್ ಒಳಗ ಫೋಲ್ಡರ್ ಆಗಿ ಹೆಸರು ಭಾಳ ಉದ್ದ ಆದ್ರೂ ವಿಂಡೋಸ್ ಮುನಿಸ್ಕೊಳ್ತೈತಿ, ಆವಾಗ ಡಿ ಡ್ರೈವ್ ಮ್ಯಾಲೆ "ಕಿಟ್" ಅಂತ ಒಂದು ಸಣ್ಣ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿರಿ. ರಾರ್ ಇಲ್ಲಾ 7ಜಡ್ ಫೈಲ್ ಇದ್ರ 7-ಜಿಪ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಸಾಕು.

ಇಲ್ಲಿ ಒಂದು ಕಡೆ ಪೂರ್ತಿ ನಿಲ್ಲಬೇಕು. ಬಿಚ್ಚಿದ ಕಿಟ್ ಒಳಗ ಡಾಟ್ ಇಎಕ್ಸ್‌ಇ ಫೈಲ್ ಇದ್ರ ಮುಟ್ಟಬ್ಯಾಡ್ರಿ. ಹೂವು, ಪೇಪರ್‌ಗೆ ಇನ್‌ಸ್ಟಾಲ್ ಮಾಡೂವಂಥಾದ್ದು ಏನೂ ಇರೂದಿಲ್ಲ. ಮೊದಲು ಆಂಟಿವೈರಸ್ ಆಫ್ ಮಾಡ್ರಿ ಅಂತ ಬರೆದಿದ್ರ ಆ ಫೋಲ್ಡರ್ ಸೀದಾ ಡಿಲೀಟ್.

ಹೂವಿನ ಸುತ್ತ ಬಿಳಿ ಡಬ್ಬಿ, ಇಲ್ಲಾ ಕರಿ ಡಬ್ಬಿ

ಪೇಪರ್ ಮ್ಯಾಲೆ ಹೂವು ಇಟ್ರಿ, ಹೂವಿನ ಜೋಡಿ ಬಿಳಿ ಚೌಕ ಬಂತು. ಅಂದ್ರ ಪಾರದರ್ಶಕ ಭಾಗ ಎಲ್ಲೋ ಕಳೆದು ಹೋಗೈತಿ. ಎಲ್ಲಿ? ಭಾಳಷ್ಟು ಸಲ ವಾಟ್ಸಾಪ್‌ನ್ಯಾಗ. ಯಾರೋ ಅಕ್ಕಾರು ಕಿಟ್‌ನ ಹೂವು ಫೋಟೋ ಥರ ಕಳಿಸಿರ್ತಾರ, ವಾಟ್ಸಾಪ್ ಅದನ್ನ ಜೆಪಿಜಿ ಮಾಡಿ ಕಳಿಸ್ತೈತಿ, ಜೆಪಿಜಿಗೆ ಪಾರದರ್ಶಕ ಅನ್ನೋದ ಗೊತ್ತಿಲ್ಲ, ಆ ಜಾಗಕ್ಕ ಬಿಳಿ ಇಲ್ಲಾ ಕರಿ ತುಂಬ್ತೈತಿ. ಡಾಕ್ಯುಮೆಂಟ್ ಅಂತ ಕಳಿಸ್ರಿ ಅಂತ ಹೇಳ್ರಿ, ಮೂಲ ಫೈಲ್ ಹಂಗ ಬರ್ತೈತಿ. ಡಬ್ಬಿ ಬಂದ ಫೈಲ್‌ನ ಹೆಸರಿನ ಕೊನಿಗೆ ಜೆಪಿಜಿ ಅಂತ ಇದ್ರ ಇದ ಕಾರಣ, ಬ್ಯಾರೆ ಹುಡುಕಬ್ಯಾಡ್ರಿ.

ಇನ್ನೊಂದು ಮಜಾ ಐತಿ. ಹೂವಿನ ಹಿಂದ ಬೂದು-ಬಿಳಿ ಚೌಕ ಚೌಕ, ಚದುರಂಗದ ಹಾಸಿನಂಗ ಕಾಣ್ತೈತಿ, ಪೇಪರ್ ಮ್ಯಾಲೆ ಇಟ್ಟರೂ ಆ ಚೌಕ ಹೋಗೂದಿಲ್ಲ. ಅದು ಪಾರದರ್ಶಕ ಅಲ್ಲ, ಪಾರದರ್ಶಕದ ಫೋಟೋ. ಗೂಗಲ್‌ನ್ಯಾಗ ಚಿತ್ರ ಹುಡುಕಿ ತೆಗೆದವರಿಗೆ ಇದು ಕಟ್ಟಿಟ್ಟ ಬುತ್ತಿ.

ನಾನು ಒಮ್ಮೆ ಕಿನ್ನಾಳ ಗೊಂಬಿ ಫೋಟೋ ತೆಗೆದು ಹಿಂದಿಂದು ಕತ್ತರಿಸಿ ನಂದ ಎಲಿಮೆಂಟ್ ಮಾಡ್ಕೊಂಡಿದ್ದೆ, ಕೂಸಿನ ಆಲ್ಬಂಗೆ ಚಲೋ ಒಪ್ತೈತಿ. ಆದ್ರ ಅಂಚಿಗೆ ಸಣ್ಣ ಬಿಳಿ ಗೆರಿ ಉಳೀತು. ಅದು ಬಿಳಿ ಗ್ವಾಡಿ ಮುಂದ ಫೋಟೋ ತೆಗೆದದ್ದಕ್ಕ. ಸೆಲೆಕ್ಷನ್ ಒಂದೆರಡು ಪಿಕ್ಸೆಲ್ ಒಳಗ ಸರಿಸಿ ಕತ್ತರಿಸಿದ್ರ ಹೋತು.

ಫೋಟೋ ಚೌಕಟ್ಟಿನೊಳಗ ಕೂಡವಲ್ದು

ನನಗ ಬರೂ ಪ್ರಶ್ನಿಯೊಳಗ ಅರ್ಧಕ್ಕಿಂತ ಹೆಚ್ಚು ಇದ.

ಮೊದಲು ಲೇಯರ್ ಪಟ್ಟಿ ನೋಡ್ರಿ. ಒಂದ ಲೇಯರ್ ಐತಿ ಅಂದ್ರ ನಿಮ್ಮ ಕೈಯಾಗ ಇರೂದು ಟೆಂಪ್ಲೇಟ್ ಅಲ್ಲ, ಅದರ ನೋಟದ ಚಿತ್ರ. ಅಂಗಡಿಯವರು ಮಾದರಿ ತೋರಿಸಾಕ ಒಂದು ಜೆಪಿಜಿನೂ ಫೋಲ್ಡರ್‌ನ್ಯಾಗ ಹಾಕಿರ್ತಾರ, ಅದನ್ನ ತೆಗೆದೀರಿ. ಪಿಎಸ್‌ಡಿ ಇಲ್ಲಾ ಟಿಫ್ ತೆಗೀರಿ. ಮೊಬೈಲ್ ಗ್ಯಾಲರಿಯಾಗ ಪಿಎಸ್‌ಡಿ ಕಂಡರೂ ಒಂದ ಹಾಳಿ ಆಗಿ ಕಾಣ್ತೈತಿ, ಅದಕ್ಕ ಹೆದರಬ್ಯಾಡ್ರಿ. ಫೋಟೋಶಾಪ್ ಇಲ್ದವರು ಫೋಟೋಪಿಯಾ ಅನ್ನೋದನ್ನ ಬ್ರೌಸರ್‌ನ್ಯಾಗ ತೆಗೆದ್ರ ಪಿಎಸ್‌ಡಿ ಲೇಯರ್ ಸಮೇತ ಬರ್ತೈತಿ, ರೊಕ್ಕ ಬೇಡ, ಫೋಟೋನೂ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗ ಹೋಗೂದಿಲ್ಲ.

ಲೇಯರ್ ಎಲ್ಲಾ ಅದಾವ, ಆದ್ರೂ ಫೋಟೋ ಇಡೀ ಪುಟ ಮುಚ್ಚಿ ಕುಂತೈತಿ ಅಂದ್ರ ಕ್ಲಿಪಿಂಗ್ ಮಾಸ್ಕ್ (ಫೋಟೋ ಕೆಳಗಿನ ಆಕಾರದೊಳಗಷ್ಟ ಕಾಣುವಂಗ ಮಾಡೂದು) ಹಾಕಿಲ್ಲ. ಫೋಟೋ ಲೇಯರ್ ಬೂದು ಆಕಾರದ ನೆತ್ತಿ ಮ್ಯಾಲೆನ ಇರಬೇಕು, ನಡುವ ಇನ್ನೊಂದು ಲೇಯರ್ ಬರಬಾರದು. ಆಮ್ಯಾಲೆ ಎರಡೂ ಲೇಯರ್ ನಡುವಿನ ಗೆರಿ ಮ್ಯಾಲೆ ಬಾಣ ಇಟ್ಟು ಆಲ್ಟ್ ಹಿಡಿದು ಒತ್ತಿರಿ. ಫೋಟೋಶಾಪ್‌ನ್ಯಾಗ ಕಂಟ್ರೋಲ್, ಆಲ್ಟ್, ಜಿ ಕೂಡಿಸಿ ಒತ್ತಿದರೂ ಆತು. ಫೋಟೋ ಹೆಸರು ಸ್ವಲ್ಪ ಒಳಗ ಸರಿದು ಪಕ್ಕಕ್ಕ ಕೆಳಮುಖ ಬಾಣ ಬಂದ್ರ ಕೂಡೈತಿ ಅಂತ ತಿಳ್ಕೊರಿ.

ಫೋಟೋ ಪೂರ್ತಿ ಮಾಯ ಆತು ಅಂತಾರ ಕೆಲವರು. ಮಾಯ ಆಗಿಲ್ರಿ, ಬ್ಯಾರೆ ಆಕಾರಕ್ಕ ಕ್ಲಿಪ್ ಆಗೈತಿ. ಫೋಟೋ ತಂದು ಬಿಟ್ಟಾಗ ಅದು ಆ ಹೊತ್ತಿಗೆ ಆರಿಸಿದ್ದ ಲೇಯರ್ ಮ್ಯಾಲೆ ಬಂದು ಕೂಡ್ತೈತಿ, ನೀವು ಕೆಳಗಿನ ಬಟನ್ ಲೇಯರ್ ಆರಿಸಿದ್ರಿ ಅಂದ್ರ ಇಡೀ ಕುಟುಂಬದ ಫೋಟೋ ಒಂದು ಗುಂಡಿಯೊಳಗ ಹೋಗಿ ಕುಂತಿರ್ತೈತಿ. ಮೊದಲು ಬೇಕಾದ ಬೂದು ಆಕಾರ ಒತ್ತಿ ಆರಿಸ್ರಿ, ಆಮ್ಯಾಲೆ ಫೋಟೋ ತರ್ರಿ.

ಜಿಂಪ್ ಅನ್ನೋ ಪುಕ್ಕಟೆ ಫೋಟೋ ಸಾಫ್ಟ್‌ವೇರ್ ಬಳಸೂರಿಗೆ ದಾರಿ ಬ್ಯಾರೆ. ಬೂದು ಆಕಾರದ ಲೇಯರ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಆಲ್ಫಾ ಟು ಸೆಲೆಕ್ಷನ್ ಕೊಡ್ರಿ, ಫೋಟೋ ಲೇಯರ್‌ಗೆ ಬಂದು ಆ್ಯಡ್ ಲೇಯರ್ ಮಾಸ್ಕ್ ಒತ್ತಿ ಸೆಲೆಕ್ಷನ್ ಅನ್ನೋದನ್ನ ಆರಿಸ್ರಿ. ಒಂದು ಹೆಜ್ಜಿ ಹೆಚ್ಚು, ಕೆಲಸ ಅದ.

ಮುಖ ಅಡ್ಡಡ್ಡ ಹಿಗ್ಗಿದಂಗ ಕಾಣ್ತೈತಿ ಅಂದ್ರ ಎಳೆಯುವಾಗ ಅಳತಿ ತಪ್ಪೈತಿ. ಹಳೆ ಫೋಟೋಶಾಪ್‌ನ್ಯಾಗ ಮೂಲಿ ಹಿಡಿದು ಎಳೆಯುವಾಗ ಶಿಫ್ಟ್ ಒತ್ತಬೇಕಿತ್ತು, ಸಿಸಿ 2019ರಿಂದ ಉಲ್ಟಾ ಆತು, ಶಿಫ್ಟ್ ಒತ್ತಿದ್ರನ ಕೆಡ್ತೈತಿ. ಹಳೆ ಕೈ ಇದ್ದವರು ಇನ್ನೂ ಶಿಫ್ಟ್ ಒತ್ತೂದು ಬಿಟ್ಟಿಲ್ಲ, ನಾನೂ ಅದರಾಗ ಒಬ್ಬಾಕಿ.

ಇನ್ನೊಂದು ಸಣ್ಣದು: 12 ಇಂಚಿನ ಟೆಂಪ್ಲೇಟ್ 6 ಇಂಚಿಗೆ ಇಳಿಸಿದ ಮ್ಯಾಲೆ ನೆರಳು ಭಾಳ ದಪ್ಪ ಆಗಿ, ಫೋಟೋ ಗಾಳಿಯಾಗ ತೇಲಿದಂಗ ಕಾಣ್ತೈತಿ. ಇಮೇಜ್ ಸೈಜ್ ಡಬ್ಬಿಯೊಳಗ ಸ್ಕೇಲ್ ಸ್ಟೈಲ್ಸ್ ಅನ್ನೋದಕ್ಕ ಟಿಕ್ ಹಾಕಿಲ್ಲ. ಅನ್‌ಡೂ ಮಾಡಿ ಟಿಕ್ ಹಾಕಿ ಮತ್ತ ಇಳಿಸ್ರಿ.

ಕನ್ನಡ ಅಕ್ಷರ ಒಡೆದು ಬರ್ತಾವ

ಇದು ನಮ್ಮವರಿಗಷ್ಟ ಬರೂ ಕಾಯಿಲೆ, ಕಿಟ್ ಮಾಡೂ ಅಮೇರಿಕದವರ ಪಾಠದಾಗ ಇದಕ್ಕ ಉತ್ತರ ಸಿಗೂದಿಲ್ಲ. ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮೂರು ಥರ ಕೆಡ್ತೈತಿ, ಮೂರಕ್ಕೂ ಮದ್ದು ಬ್ಯಾರೆ ಬ್ಯಾರೆ. ಅಕ್ಷರದ ಬದಲಿ ಖಾಲಿ ಚೌಕ ಬಂದ್ರ, ನೀವು ಆರಿಸಿದ ಫಾಂಟ್‌ನ್ಯಾಗ ಕನ್ನಡ ಇಲ್ಲ. ಕಿಟ್ ಜೋಡಿ ಬರೂ ಬಳ್ಳಿ ಬಳ್ಳಿ ಫಾಂಟ್ ಎಲ್ಲಾ ಬರೇ ಇಂಗ್ಲಿಷ್. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇಂಥಾ ಪುಕ್ಕಟೆ ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಒಂದ ಥರದ ಅಕ್ಷರ ಸಂಕೇತ) ಫಾಂಟ್ ಹಾಕ್ಕೊರಿ, ಏನೂ ಇಲ್ಲಂದ್ರ ವಿಂಡೋಸ್‌ನ್ಯಾಗ ತುಂಗಾ ಇಲ್ಲಾ ನಿರ್ಮಲಾ ಇರ್ತೈತಿ.

ಎರಡನೇದು, ಕನ್ನಡದ ಬದಲಿ ಇಂಗ್ಲಿಷ್ ಅಕ್ಷರ, ಮ್ಯಾಲೆ ಚುಕ್ಕಿ ಕೊಂಬು ಇದ್ದ ವಿಚಿತ್ರ ಸಾಲು ಬಂದ್ರ ಅದು ನುಡಿ ಹಳೆ ಎನ್‌ಕೋಡಿಂಗ್. ಡಿಟಿಪಿ ಅಂಗಡಿಯವರು ಇನ್ನೂ ನುಡಿ 01 ಇ ಇಂಥಾ ಫಾಂಟ್‌ನ್ಯಾಗ ಟೈಪ್ ಮಾಡಿ ಕೊಡ್ತಾರ, ಅದು ಒಳಗ ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ತುಂಡು ಕೂಡಿಸಿದ್ದು, ಫಾಂಟ್ ಬದಲಿಸಿದ ಕೂಡ್ಲೆ ಬಣ್ಣ ಬಯಲಾಗ್ತೈತಿ. ನುಡಿ ಸಾಫ್ಟ್‌ವೇರ್‌ನ್ಯಾಗನ ಯೂನಿಕೋಡ್‌ಗೆ ಬದಲಿಸೂ ಸೌಕರ್ಯ ಐತಿ. ಇಲ್ಲಾ ಎರಡು ಸಾಲಿದ್ರ ಸುಮ್ನ ಮತ್ತ ಟೈಪ್ ಮಾಡ್ರಿ, ಬೇಗ ಆಗ್ತೈತಿ.

ಮೂರನೇದು ಎಲ್ಲಾಕ್ಕಿಂತ ಕೆಟ್ಟದ್ದು, ಅಕ್ಷರ ಕನ್ನಡನ, ಆದ್ರ ಒತ್ತು ಕೆಳಗ ಹೋಗದ ಪಕ್ಕಕ್ಕ ನಿಂತು "ಅಮ್ಮ" ಹೋಗಿ "ಅಮ್‌ಮ" ಆಗ್ತೈತಿ. ಫೋಟೋಶಾಪ್‌ಗೆ ಭಾರತದ ಭಾಷೆಯ ಅಕ್ಷರ ಜೋಡಿಸೂ ಎಂಜಿನ್ ಚಾಲೂ ಆಗಿಲ್ಲ ಅಂತ ಅರ್ಥ. ಪ್ರಿಫರೆನ್ಸಸ್ ಒಳಗ ಟೈಪ್‌ಗೆ ಹೋಗಿ ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷಿಯನ್ ಆರಿಸಿ ಫೋಟೋಶಾಪ್ ಮುಚ್ಚಿ ತೆಗೀರಿ, ಹೊಸ ಆವೃತ್ತಿಯಾಗ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನ್ಯಾಗ ವರ್ಲ್ಡ್ ರೆಡಿ ಲೇಔಟ್ ಅಂತ ಐತಿ. ಭಾಳ ಹಳೆ ಫೋಟೋಶಾಪ್ ಇದ್ರ ಇದು ಇರೂದ ಇಲ್ಲ, ಆವಾಗ ಜಿಂಪ್‌ನ್ಯಾಗ ಬರೆದು ಪಿಎನ್‌ಜಿ ಮಾಡಿ ತಂದು ಇಡೂದು ಸುಲಭ, ಜಿಂಪ್‌ನ್ಯಾಗ ಯೂನಿಕೋಡ್ ಒತ್ತು ಸರಿ ಬೀಳ್ತೈತಿ.

ಆಲ್ಫಾದಾಗ ಕನ್ನಡ ಇಲ್ಲಲ್ಲ ಅಂತ ಬ್ಯಾಸರ ಮಾಡ್ಕೊಬ್ಯಾಡ್ರಿ. ದಪ್ಪನೆ ಕನ್ನಡ ಫಾಂಟ್‌ನ್ಯಾಗ ಹೆಸರು ಬರೀರಿ, ಅದರ ಮ್ಯಾಲೆ ಕಿಟ್‌ನ ಪೇಪರ್ ತಂದು ಫೋಟೋಗೆ ಮಾಡಿದಂಗ ಕ್ಲಿಪ್ ಮಾಡ್ರಿ, ಸಣ್ಣ ನೆರಳು ಕೊಡ್ರಿ. ಕಿಟ್‌ನ ಬಣ್ಣದಾಗನ ನಿಮ್ಮ ಕನ್ನಡ ಅಕ್ಷರ ತಯಾರು. ನಮ್ಮ ತಂಗಿಗೆ ಇಡೀ ಆಲ್ಬಂನ್ಯಾಗ ಅದ ಭಾಳ ಸೇರಿತ್ತು.

ಅಂಗಡಿಗೆ ಪಿಎಸ್‌ಡಿ ಕೊಡಬ್ಯಾಡ್ರಿ. ಅವರ ಕಂಪ್ಯೂಟರ್‌ನ್ಯಾಗ ನಿಮ್ಮ ಫಾಂಟ್ ಇಲ್ಲಂದ್ರ ಇಷ್ಟೂ ಕೆಲಸ ಮತ್ತ ಒಡೀತೈತಿ. ಜೆಪಿಜಿ ಮಾಡಿ ಕೊಡ್ರಿ.

ಕಂಪ್ಯೂಟರ್ ಜಗ್ಗವಲ್ದು

ಒಂದು ಲೆಕ್ಕ ಹೇಳ್ತೀನಿ. 3600 ಗುಣಿಸು 3600 ಅಂದ್ರ 1 ಕೋಟಿ 29 ಲಕ್ಷದ ಮ್ಯಾಲೆ ಪಿಕ್ಸೆಲ್, ಒಂದೊಂದಕ್ಕ ಮೂರು ಬೈಟ್, ಅಂದ್ರ ಪುಟ ತುಂಬ ಇರೂ ಒಂದ ಲೇಯರ್‌ಗೆ ಸುಮಾರು 37 ಎಂಬಿ. ಅಂಥಾವು 20 ಆದ್ರ 740 ಎಂಬಿ. 4 ಜಿಬಿ ರ‍್ಯಾಮ್ ಇದ್ದ ಹಳೆ ಲ್ಯಾಪ್‌ಟಾಪ್‌ನ್ಯಾಗ ಕ್ರೋಮ್ ಹತ್ತು ಟ್ಯಾಬ್ ತೆಗೆದು ಇದನ್ನೂ ಮಾಡ್ತೀನಿ ಅಂದ್ರ ಅದೇನ್ ಮಾಡೀತು ಪಾಪ.

ಮೊದಲು ಬ್ಯಾರೆ ಎಲ್ಲಾ ಮುಚ್ಚಿರಿ. ಸ್ಕ್ರ್ಯಾಚ್ ಡಿಸ್ಕ್ ಫುಲ್ ಅಂತ ಬಂದ್ರ ಸಿ ಡ್ರೈವ್ ತುಂಬೈತಿ, ಒಂದಿಷ್ಟು ಜಾಗ ಮಾಡ್ರಿ. ಇದಕ್ಕೂ ಆಗದಿದ್ರ ಟೆಂಪ್ಲೇಟ್‌ನ್ನ ಶುರುವಿಗೇ ಬೇಕಾದ ಸೈಜ್‌ಗೆ ಇಳಿಸ್ಕೊರಿ, ಕೊನಿಗಲ್ಲ. 6 ಇಂಚಿನ ಆಲ್ಬಂಗೆ 1800 ಪಿಕ್ಸೆಲ್ ಸಾಕು, ಭಾರ ನಾಲ್ಕನೇ ಒಂದು ಪಾಲಿಗೆ ಇಳೀತೈತಿ. ರ‍್ಯಾಮ್ ಹಾಕ್ಸೂದು ಕೊನಿ ಮಾತು.

ಪ್ರಿಂಟ್ ಮಬ್ಬು

ಈಗ ಬಂತು ನೋಡ್ರಿ ಅಸಲಿ ಜಗಳ.

ಪುಟ ತುಂಬ ಮಬ್ಬೋ, ಫೋಟೋ ಒಂದ ಮಬ್ಬೋ? ಇದನ್ನ ಮೊದಲು ನೋಡ್ರಿ. ಹೂವು, ಅಕ್ಷರ ಎಲ್ಲಾ ಚೂಪಾಗಿ ಬಂದು ಫೋಟೋ ಒಂದ ಮಬ್ಬಿದ್ರ ಅಂಗಡಿಯವನ ತಪ್ಪಿಲ್ಲ, ಫೋಟೋನ ಸಣ್ಣದು. ಹೂವೂ ಮಬ್ಬಿದ್ರ ಇಡೀ ಪುಟ ಸಣ್ಣದಾಗಿ ಸೇವ್ ಆಗೈತಿ, ಇಲ್ಲಾ ವಾಟ್ಸಾಪ್‌ನ್ಯಾಗ ಅಂಗಡಿಗೆ ಕಳಿಸೀರಿ.

300 ಡಿಪಿಐ ಲೆಕ್ಕಕ್ಕ 4 ಗುಣಿಸು 6 ಇಂಚಿಗೆ 1200 ಗುಣಿಸು 1800 ಪಿಕ್ಸೆಲ್ ಬೇಕು, 8 ಇಂಚು ಚೌಕಕ್ಕ 2400, 12ಕ್ಕ 3600. ವಾಟ್ಸಾಪ್‌ನ್ಯಾಗ ಸಾದಾ ಕಳಿಸಿದ ಫೋಟೋ ಉದ್ದನೆ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರ್ತೈತಿ, ಅಂದ್ರ 5 ಇಂಚು ಚಿಲ್ಲರಿಗೆ ಸಾಲ್ತೈತಿ ಅಷ್ಟ. ಅದೂ ಇಡೀ ಫೋಟೋ ಬಳಸಿದ್ರ. ನಮ್ಮವರು ಅಂಜನಾದ್ರಿ 575 ಮೆಟ್ಲು ಹತ್ತಿ ಮ್ಯಾಲೆ ನಿಂತು ತೆಗೆದ ಗುಂಪಿನ ಫೋಟೋದಾಗ ಅಜ್ಜಿ ಒಬ್ಬಾಕಿ ಮುಖ ಕತ್ತರಿಸಿ ದೊಡ್ಡದು ಮಾಡಿದ್ರ ಅಲ್ಲಿ 150 ಪಿಕ್ಸೆಲ್‌ನೂ ಇರೂದಿಲ್ಲ. ನನ್ನ ಮೊದಲ ಆಲ್ಬಂನ್ಯಾಗ ಅಜ್ಜಿ ಮುಖ ಮಬ್ಬಾದದ್ದೂ ಹಿಂಗ.

ಮದ್ದು ಪುಕ್ಕಟೆ: ಫೋಟೋ ತೆಗೆದವರ ಮೊಬೈಲ್‌ನಿಂದ ಮೂಲ ಫೈಲ್ ತರ್ರಿ. ಡಾಕ್ಯುಮೆಂಟ್ ಅಂತ ಕಳಿಸ್ಲಿ, ಇಲ್ಲಾ ಕೇಬಲ್, ಪೆನ್ ಡ್ರೈವ್. 2023ರಿಂದ ವಾಟ್ಸಾಪ್‌ನ್ಯಾಗ ಎಚ್‌ಡಿ ಅಂತನೂ ಐತಿ, ಸಾದಾಕ್ಕಿಂತ ಚಲೋ, ಆದ್ರ ಅದೂ ಒತ್ತಿ ಸಣ್ಣ ಮಾಡಿದ್ದ.

72 ಇದ್ದ ಡಿಪಿಐ 300 ಅಂತ ಬರೆದ್ರ ಸರಿ ಆಗ್ತೈತಿ ಅಂತ ಒಬ್ಬರು ಹೇಳಿದ್ರು. ಆಗೂದಿಲ್ಲ. ಪಿಕ್ಸೆಲ್ ಎಷ್ಟಿದ್ವೋ ಅಷ್ಟ ಇರ್ತಾವ, ಸಾಫ್ಟ್‌ವೇರ್ ಹೆಚ್ಚು ಮಾಡಿದ್ರೂ ಅದು ಅಂದಾಜಿಗೆ ತುಂಬಿದ್ದು. ಮಜ್ಜಿಗಿಗೆ ನೀರು ಬೆರೆಸಿದಂಗ. ಮೂಲ ಸಿಗೂದ ಇಲ್ಲ, ಅಜ್ಜಿ ಈಗ ಇಲ್ಲ, ಇದೊಂದ ಫೋಟೋ ಅಂದ್ರ ಸಣ್ಣ ಚೌಕಟ್ಟಿನ್ಯಾಗ ಇಡ್ರಿ. ಎರಡು ಇಂಚಿನ ಗುಂಡನೆ ಫ್ರೇಮ್‌ನ್ಯಾಗ ಅದ ಫೋಟೋ ಎಷ್ಟೋ ಚೂಪ್ ಕಾಣ್ತೈತಿ.

ತಲಿ ಕಟ್, ಅಂಚು ಕಟ್

ಕಿಟ್ ಎಲ್ಲಾ ಚೌಕ, ನಮ್ಮ ಲ್ಯಾಬ್ ಪ್ರಿಂಟ್ ಎಲ್ಲಾ 4 ಗುಣಿಸು 6. ಚೌಕ ಪುಟನ್ನ ಹಂಗ ಕೊಟ್ರ ಮಷಿನ್ ಹಾಳಿ ತುಂಬಿಸಾಕ ಹೋಗಿ ಮೂರನೇ ಒಂದು ಪಾಲು ಕತ್ತರಿಸಿ ಒಗೀತೈತಿ. ಕೂಸಿನ ನೆತ್ತಿ ಹೋದದ್ದು ಅಲ್ಲೇ.

ಅದಕ್ಕ 1200 ಗುಣಿಸು 1800 ಪಿಕ್ಸೆಲ್‌ನ ಖಾಲಿ ಹಾಳಿ ಮಾಡ್ರಿ, ಅದರಾಗ 4 ಇಂಚು ಚೌಕದ ಪುಟ ಒಂದು ಕಡೆ ಕೂಡಿಸ್ರಿ, ಉಳಿದ 4 ಗುಣಿಸು 2 ಪಟ್ಟಿಯಾಗ ಹೆಸರಿನ ಚೀಟಿ, ಸಣ್ಣ ಹೂವು ಏನರ ಹಾಕ್ರಿ, ಕತ್ತರಿಸಿ ಅಂಟಿಸಾಕ ಆಗ್ತೈತಿ. ಜೆಪಿಜಿ ಅಂಗಡಿಗೆ ಕೊಡುವಾಗ "ಕ್ರಾಪ್ ಮಾಡಬ್ಯಾಡ್ರಿ, ಹಂಗ ಹೊಡೀರಿ" ಅಂತ ಬಾಯಿಬಿಟ್ಟು ಹೇಳ್ರಿ.

ಇಷ್ಟಾದ್ರೂ ಅಂಚಿಗೆ ಒಂದೆರಡು ಮಿಲಿಮೀಟರ್ ಹೋಗ್ತೈತಿ, ಬಾರ್ಡರ್ ಇಲ್ದ ಪ್ರಿಂಟ್ ಅಂದ್ರ ಮಷಿನ್ ಚಿತ್ರ ಸ್ವಲ್ಪ ಹಿಗ್ಗಿಸೇ ಹೊಡೆಯೂದು. ಹಿಂದಿನ ಪೇಪರ್ ಸುತ್ತಲೂ 3 ಮಿಲಿಮೀಟರ್ ಹೊರಗ ಚಾಚಿರಬೇಕು, ಮುಖ, ಹೆಸರು, ತಾರೀಖು ಅಂಚಿನಿಂದ ಅರ್ಧ ಇಂಚರ ಒಳಗ ಇರಬೇಕು.

ಮನಿ ಪ್ರಿಂಟರ್‌ನ್ಯಾಗ 4 ಇಂಚು ಅಂತ ಮಾಡಿದ್ದು ಅಳೆದ್ರ 3.8 ಬರ್ತೈತಿ ಅಂದ್ರ ಫಿಟ್ ಟು ಪೇಜ್ ಟಿಕ್ ಐತಿ, ಆ್ಯಕ್ಚುವಲ್ ಸೈಜ್ ಇಲ್ಲಾ 100 ಪರ್ಸೆಂಟ್ ಆರಿಸ್ರಿ.

ಬಣ್ಣ ಕಪ್ಪಾಗೈತಿ, ಸಪ್ಪೆ ಆಗೈತಿ

ಗವಿಮಠದ ಜಾತ್ರಿ ತೇರಿನ ಸಂಜಿ ಫೋಟೋ ಹಾಕಿ ಆಲ್ಬಂ ಮಾಡಿದವರಿಗೆ ಇದು ಗೊತ್ತಿರ್ತೈತಿ: ಮೊಬೈಲ್‌ನ್ಯಾಗ ಮಂದಿ ಮುಖ ಎಲ್ಲಾ ಕಾಣ್ತಾವ, ಪ್ರಿಂಟ್‌ನ್ಯಾಗ ತೇರಿನ ದೀಪ ಬಿಟ್ರ ಬರೇ ಕತ್ತಲ. ಮೊಬೈಲ್ ತಾನ ಬೆಳಕು ಕೊಡ್ತೈತಿ, ಕಾಗದ ಕೊಡೂದಿಲ್ಲ. ಸ್ಕ್ರೀನ್ ಬೆಳಕು ಅರ್ಧಕ್ಕ ಇಳಿಸಿ ನೋಡ್ರಿ, ಆವಾಗ ಕಂಡದ್ದ ಹತ್ತಿರ ಹತ್ತಿರ ಪ್ರಿಂಟ್. ಕಪ್ಪು ಕಂಡ್ರ ಫೋಟೋ ಒಂದ ಬೆಳಕು ಏರಿಸ್ರಿ, ಇಡೀ ಪುಟ ಅಲ್ಲ.

ಕತ್ತಲ ಅಲ್ಲ, ಬಣ್ಣ ಸಪ್ಪೆ ಅಂದ್ರ ಕಲರ್ ಪ್ರೊಫೈಲ್ (ಫೈಲ್‌ನ್ಯಾಗಿನ ಬಣ್ಣ ಹೆಂಗ ಓದಬೇಕು ಅಂತ ಹೇಳೂದು) ನೋಡ್ರಿ. ಅಡೋಬ್ ಆರ್‌ಜಿಬಿ ಇದ್ರ ಎಸ್‌ಆರ್‌ಜಿಬಿಗೆ ಬದಲಿಸ್ರಿ, ಫೋಟೋ ಲ್ಯಾಬ್ ಮಷಿನ್‌ಗೆ ಸಾಮಾನ್ಯವಾಗಿ ಬೇಕಾದದ್ದು ಅದ. ಯಾರೋ ಪ್ರಿಂಟ್‌ಗೆ ಸಿಎಂವೈಕೆ (ನಾಲ್ಕು ಶಾಯಿಯ ಬಣ್ಣದ ಪದ್ಧತಿ) ಬೇಕು ಅಂದ್ರು ಅಂತ ನೀವ ಬದಲಿಸಿ ಲ್ಯಾಬ್‌ಗೆ ಕೊಡಬ್ಯಾಡ್ರಿ, ಆಫ್‌ಸೆಟ್ ಪ್ರೆಸ್‌ನವರು ಕೇಳಿದ್ರ ಅದು ಬ್ಯಾರೆ ಮಾತು. ಕಿಟ್‌ನ ಮಿಂಚು ಗುಲಾಬಿ, ಗಿಳಿ ಹಸಿರು ಪ್ರೆಸ್‌ನ್ಯಾಗ ಹೆಂಗ ಮಾಡಿದ್ರೂ ಅಷ್ಟು ಮಿಂಚೂದಿಲ್ಲ, ಆ ಶಾಯಿಗೆ ಆ ಬಣ್ಣ ಬರೂದಿಲ್ಲ.

ನಂದೊಂದು ಉಪಾಯ: ಎಲ್ಲಾ ಪುಟದಿಂದ ಮುಖ ಇದ್ದ ಕಡೆ ಒಂದೊಂದು ತುಂಡು ಅದ ಅಳತಿಯಾಗ ಕತ್ತರಿಸಿ ಒಂದ 4 ಗುಣಿಸು 6 ಹಾಳಿಯಾಗ ಜೋಡಿಸಿ ಅದೊಂದನ್ನ ಮೊದಲು ಹೊಡೆಸ್ತೀನಿ. ಮಬ್ಬು, ಬಣ್ಣ, ಒತ್ತಕ್ಷರ ಎಲ್ಲಾ ಒಂದ ಪ್ರಿಂಟ್ ರೊಕ್ಕದಾಗ ಗೊತ್ತಾಗ್ತೈತಿ. ಆ ಮ್ಯಾಲೆ ಪೂರ್ತಿ ಆಲ್ಬಂ.

ಪುಟದ ಮ್ಯಾಲೆ ಅಡ್ಡಗೆರಿ, ಮಸಿ ಒಣಗವಲ್ದು

ಮನಿ ಇಂಕ್‌ಜೆಟ್ ಇದ್ದವರಿಗೆ. ಮಸಿ ಕೈಗೆ ಹತ್ತತೈತಿ ಅಂದ್ರ ಹಾಳಿ ತಿರುವಿ ಹಾಕೀರಿ, ಹೊಳಪಿನ ಕಡೆನ ಮಸಿ ಬೀಳಬೇಕು, ಅಥವಾ ಪೇಪರ್ ಟೈಪ್ ಪ್ಲೇನ್ ಅಂತ ಬಿಟ್ಟೀರಿ, ಗ್ಲಾಸಿ ಮಾಡ್ರಿ. ಲೇಸರ್ ಪ್ರಿಂಟರ್‌ಗೆ ಇಂಕ್‌ಜೆಟ್ ಫೋಟೋ ಪೇಪರ್ ಹಾಕಲೇಬಾರದು, ಒಳಗಿನ ಕಾವಿಗೆ ಮ್ಯಾಲಿನ ಪದರ ಕರಗಿ ಫ್ಯೂಸರ್ ಅನ್ನೋ ಬಿಸಿ ರೋಲರ್‌ಗೆ ಹತ್ತಿದ್ರ ಪ್ರಿಂಟರ್ ಹೋತು.

ಗೆರಿ ಬಂದ್ರ ನಾಝಲ್ ಚೆಕ್ (ಮಸಿ ಬರೂ ತೂತು ಕಟ್ಟಿಕೊಂಡಾವೋ ನೋಡೂ ಪರೀಕ್ಷಾ ಪುಟ) ಹೊಡೀರಿ. ಗೆರಿ ತುಂಡಾಗಿದ್ರ ಹೆಡ್ ಕ್ಲೀನಿಂಗ್, ಒಂದು ಸಲ, ಎರಡು ಸಲ, ಹೆಚ್ಚಂದ್ರ ಮೂರು. ಅದಕ್ಕೂ ಸರಿಹೋಗದಿದ್ರ ಒಂದು ರಾತ್ರಿ ಬಿಟ್ಟು ನೋಡ್ರಿ, ಸುಮ್ನ ಕ್ಲೀನಿಂಗ್ ಒತ್ತಾಕ ಹತ್ತಿದ್ರ ಮಸಿ ಖಾಲಿ, ಒಳಗಿನ ವೇಸ್ಟ್ ಪ್ಯಾಡ್ ತುಂಬಿ ಪ್ರಿಂಟರ್ ನಿಂತು ಬಿಡ್ತೈತಿ. ಬಳ್ಳಾರಿ ರಾಯಚೂರು ಬಿಸಲಿಗೆ ವಾರಗಟ್ಟಲೆ ಬಳಸದ ಪ್ರಿಂಟರ್‌ನ್ಯಾಗ ಮಸಿ ಒಣಗ್ತೈತಿ, ಸಂಡೂರು ಕಡೆ ಕೆಂಪು ಧೂಳ ಬ್ಯಾರೆ. ವಾರಕ್ಕೊಂದು ಬಣ್ಣದ ಪುಟ ಹೊಡೀರಿ, ಬಟ್ಟಿ ಮುಚ್ಚಿಡ್ರಿ.

ಹಾಳಿ ಸಿಕ್ಕೊಂಡ್ರ ಮೊದಲು ಸ್ವಿಚ್ ಆಫ್ ಮಾಡಿ ವೈರ್ ತೆಗೆದು ಆಮ್ಯಾಲೆ ಕೈ ಹಾಕ್ರಿ. ಸುಟ್ಟ ವಾಸನಿ ಬಂದ್ರ ನೀವು ಬಿಚ್ಚಬ್ಯಾಡ್ರಿ, ರಿಪೇರಿಯವರ ಹತ್ರ ಒಯ್ರಿ.

ಪುಟ ಹಿಂದುಮುಂದು, ತಲಿಕೆಳಗು

ಎ4 ಹಾಳಿ ಮಡಚಿ ಪಿನ್ ಹೊಡೆದು ಪುಸ್ತಕ ಮಾಡೂದಿದ್ರ ಒಟ್ಟು ಪುಟ ನಾಲ್ಕರಿಂದ ಭಾಗ ಆಗಬೇಕು. ಒಂದು ಮಗ್ಗಲಿಗೆ ಬರೂ ಎರಡು ಪುಟದ ನಂಬರ್ ಕೂಡಿಸಿದ್ರ ಒಟ್ಟು ಪುಟಕ್ಕಿಂತ ಒಂದು ಹೆಚ್ಚು ಬರಬೇಕು: 16 ಪುಟ ಅಂದ್ರ 16ರ ಜೋಡಿ 1, 2ರ ಜೋಡಿ 15, ಹಿಂಗ. ಸಂಶಯ ಇದ್ರ ನೋಟ್‌ಬುಕ್‌ನ ನಾಲ್ಕು ಹಾಳಿ ಮಡಚಿ ಪೆನ್ಸಿಲ್‌ಲೆ ನಂಬರ್ ಬರೆದು ಬಿಚ್ಚಿ ನೋಡ್ರಿ. ಹಿಂದಿನ ಮಗ್ಗಲು ತಲಿಕೆಳಗಾಗಿ ಬಂದ್ರ ಫ್ಲಿಪ್ ಆನ್ ಲಾಂಗ್ ಎಡ್ಜ್ ಐತಿ, ಶಾರ್ಟ್ ಎಡ್ಜ್ ಮಾಡ್ರಿ.

ಮತ್ತೊಂದು, 6 ಇಂಚಿನ ಎರಡು ಪುಟ ಎ4 ಮ್ಯಾಲೆ ಕೂಡೂದಿಲ್ಲ, ಎ4 ಉದ್ದ 11.69 ಇಂಚು, ನಿಮಗ ಬೇಕಾದದ್ದು 12. ಐದೂವರೆ ಇಂಚಿಗೆ ಇಳಿಸ್ರಿ.

ಕತ್ತರಿಸುವಾಗ ಸ್ಟೀಲ್ ಸ್ಕೇಲ್ ಇಟ್ಟು ಕಟರ್ ನಿಮ್ಮ ಕೈಬೆರಳಿಂದ ದೂರ ಎಳೀರಿ, ಪ್ಲಾಸ್ಟಿಕ್ ಸ್ಕೇಲ್ ಮ್ಯಾಲೆ ಬ್ಲೇಡ್ ಹತ್ತಿ ಬೆರಳಿಗೆ ಬರ್ತೈತಿ. ಹುಡುಗ್ರಿಗೆ ಅಂಟಿಸೂ ಕೆಲಸ ಕೊಡ್ರಿ, ಕಟರ್ ಬ್ಯಾಡ.

ಮಾಡಿದ್ದು ಹೋತು, ಫೋಟೋನ ಇಲ್ಲ

ಟೆಂಪ್ಲೇಟ್ ಮ್ಯಾಲೆ ಕಂಟ್ರೋಲ್ ಎಸ್ ಒತ್ತಿಬಿಟ್ರಿ, ಆದ್ರ ಫೈಲ್ ಇನ್ನೂ ತೆಗೆದ ಐತಿ ಅಂದ್ರ ಮುಚ್ಚಬ್ಯಾಡ್ರಿ, ಹಿಸ್ಟರಿಯೊಳಗ ಹಿಂದ ಹೋಗಿ ಮೊದಲಿನ ಸ್ಥಿತಿಗೆ ತಂದು ಸೇವ್ ಆ್ಯಸ್ ಕೊಡ್ರಿ. ಮುಚ್ಚಿದ್ರ ಜಿಪ್ ಮತ್ತ ಬಿಚ್ಚೂದ ದಾರಿ, ಅದಕ್ಕ ಜಿಪ್ ಅಳಿಸಬಾರದು. ಜೆಪಿಜಿ ಒಂದ ಉಳಿದು ಪಿಎಸ್‌ಡಿ ಇಲ್ಲಂದ್ರ ಲೇಯರ್ ಮತ್ತ ಬರೂದಿಲ್ಲ, ಹುಡುಕಿ ಟೈಮ್ ಕಳೀಬ್ಯಾಡ್ರಿ.

ಕ್ಯಾಮರಾದ ಕಾರ್ಡ್‌ನಿಂದ ಫೋಟೋ ಅಳಿಸಿ ಹೋಗಿದ್ರ ಆ ಕ್ಷಣಕ್ಕ ನಿಲ್ರಿ. ಹೊಸ ಫೋಟೋ ತೆಗೀಬ್ಯಾಡ್ರಿ, ಫಾರ್ಮ್ಯಾಟ್ ಕೇಳಿದ್ರ ಹೂಂ ಅನಬ್ಯಾಡ್ರಿ. ಫೋಟೋರೆಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ, ತೆಗೆದ ಫೋಟೋ ಬ್ಯಾರೆ ಡ್ರೈವ್‌ಗೆ ಹಾಕ್ರಿ, ಅದ ಕಾರ್ಡ್‌ಗೆ ಅಲ್ಲ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸಪ್ಪಳ ಮಾಡಾಕತ್ರ ಮಾತ್ರ ಏನೂ ಪ್ರಯೋಗ ಮಾಡಬ್ಯಾಡ್ರಿ, ಬಂದ್ ಮಾಡಿ ಡೇಟಾ ತೆಗೆಯೂ ಮಂದಿಗೆ ಕೊಡ್ರಿ, ನೀವು ಎಷ್ಟು ಸಲ ಚಾಲೂ ಮಾಡಿ ನೋಡ್ತೀರೋ ಅಷ್ಟು ಒಳಗ ಗೀಚ್ತೈತಿ.

ಅಂಗಡಿಗೆ ಹೋಗುವಾಗ ಪೆನ್ ಡ್ರೈವ್‌ನ್ಯಾಗ ಪ್ರಿಂಟ್ ಮಾಡೂ ಜೆಪಿಜಿ ಅಷ್ಟ ಇರ್ಲಿ, ಮನಿ ಮಂದಿದ ಎಲ್ಲಾ ಫೋಟೋ ಬ್ಯಾಡ. ತಿರುಗಿ ಬಂದ ಮ್ಯಾಲೆ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿ ಕಂಡ್ರ ಅದು ವೈರಸ್, ಒತ್ತದ ಮೊದಲು ಸ್ಕ್ಯಾನ್ ಮಾಡ್ರಿ.

ಆಲ್ಬಂ ಚಲೋ ಬಂದ್ರ ಇನ್ನೊಂದು ತೊಂದ್ರಿ ಶುರು ಆಗ್ತೈತಿ, ಅದು ಸಾಫ್ಟ್‌ವೇರ್‌ದ್ದಲ್ಲ. "ಅಕ್ಕಾರ, ನಮ್ಮ ಹುಡುಗಂದೂ ಒಂದು ಮಾಡಿಕೊಡ್ರಿ, ರೊಕ್ಕ ಕೊಡ್ತೀವಿ" ಅಂತ ಓಣಿಯವರು ಬರ್ತಾರ. ಹೂಂ ಅನ್ನೂ ಮೊದಲು ಕಿಟ್‌ನ ಫೋಲ್ಡರ್‌ನ್ಯಾಗ ಟಿಒಯು (ಟರ್ಮ್ಸ್ ಆಫ್ ಯೂಸ್, ಬಳಸೂ ಷರತ್ತು) ಅಂತ ಒಂದು ಫೈಲ್ ಇರ್ತೈತಿ, ತೆಗೆದು ಓದ್ರಿ. ಪರ್ಸನಲ್ ಯೂಸ್ ಅಂತ ಇದ್ರ ನಿಮ್ಮ ಮನಿಗೆ ಅಷ್ಟ. ರೊಕ್ಕ ತೊಗೊಂಡು ಮಾಡಾಕ ಎಸ್4ಎಚ್ (ಸ್ಕ್ರ್ಯಾಪ್ ಫಾರ್ ಹೈರ್) ಅನ್ನೋ ಪರವಾನಗಿ ಇಲ್ಲಾ ಕಮರ್ಷಿಯಲ್ ಯೂಸ್ ಬೇಕು, ಮತ್ತ ಕಿಟ್ ಫೋಲ್ಡರ್‌ನ್ನ ಗೆಳತಿಯರಿಗೆ ಹಂಚೂದು ಎರಡರಾಗೂ ಇಲ್ಲ. ನಾನು ಓಣಿಯವರಿಗೆ ಮಾಡುವಾಗ ಕಿನ್ನಾಳ ಗೊಂಬಿ, ಅವ್ವನ ಇಳಕಲ್ ಸೀರಿ ಅಂಚಿನ ಫೋಟೋ, ನಾನ ತೆಗೆದದ್ದು, ಅವನ್ನ ಪೇಪರ್ ಮತ್ತ ಎಲಿಮೆಂಟ್ ಮಾಡಿ ಬಳಸ್ತೀನಿ.